ಬೆಳಗಾವಿಯಿಂದ ಹೊರಟವರಿಗೆ ಏರ್‌ಪೋರ್ಟ್ ಲೌಂಜ್: ಮನೆಯಲ್ಲೇ ಶುರುವಾಗುವ ತಯಾರಿ

ನಾವು ಬೆಳಗಾವಿಯವರು ದೂರ ಎಲ್ಲಿಗೆ ಹೋದರೂ ನಡುವೆ ಒಂದು ಕಡೆ ಕಾಯಲೇಬೇಕು. ಸಾಂಬ್ರಾದಲ್ಲಿ ವಿಮಾನ ಹತ್ತುತ್ತೇವೆ, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇಳಿಯುತ್ತೇವೆ, ಅಲ್ಲಿಂದ ಇನ್ನೊಂದು ವಿಮಾನ. ಬಾಗಲಕೋಟೆ, ವಿಜಯಪುರದವರಿಗಂತೂ ಅದಕ್ಕೂ ಮೊದಲು ಹುಬ್ಬಳ್ಳಿಗೋ ಬೆಳಗಾವಿಗೋ ಬರುವ ರಸ್ತೆ ಪ್ರಯಾಣ ಬೇರೆ. ಹಾಗಾಗಿ ಲೌಂಜ್ ಬಗ್ಗೆ ಹೆಚ್ಚು ತಿಳಿದುಕೊಳ್ಳಬೇಕಾದವರು ನಾವೇ. ಆದರೆ ಅದರೊಳಗೆ ಹೋಗಲು ಹೆಚ್ಚು ಹಿಂಜರಿಯುವವರೂ ನಾವೇ.

ಅವ್ವನನ್ನು ಕರೆದುಕೊಂಡು ದುಬೈಗೆ ಹೋಗುವಾಗ ಬೆಂಗಳೂರಿನಲ್ಲಿ ಆರು ತಾಸು ಕಾಯುವುದಿತ್ತು. ಅವಳಿಗೆ ಮಂಡಿ ನೋವು, ಸಾಲು ಕುರ್ಚಿಯಲ್ಲಿ ಒಂದು ತಾಸು ಕೂತರೆ ಏಳುವುದೇ ಕಷ್ಟ. ಲೌಂಜಿನ ಬಾಗಿಲಿಗೆ ಬಂದಾಗ ಒಳಗಿನ ಸೋಫಾ, ದೀಪ, ಕೋಟು ಹಾಕಿದ ಜನ ನೋಡಿ ಕೈ ಹಿಡಿದು ನಿಂತೇಬಿಟ್ಟಳು. "ಇದು ದೊಡ್ಡವರದು, ನಾವು ಹೊರಗೇ ಕೂಡೋಣ" ಅಂದಳು. ಹತ್ತು ನಿಮಿಷದ ನಂತರ ಅದೇ ಅವ್ವ ಮೆತ್ತನೆ ಕುರ್ಚಿಯಲ್ಲಿ ಕಾಲು ಚಾಚಿ, ಬಿಸಿ ಚಾ ಹಿಡಿದು ಕೂತಿದ್ದಳು. ಆ ಹತ್ತು ನಿಮಿಷ ಸುಲಭವಾಗಿದ್ದು ಮೂರು ದಿನ ಮೊದಲು ಮನೆಯಲ್ಲಿ ಕೂತು ಮಾಡಿದ ತಯಾರಿಯಿಂದ. ಲೌಂಜಿನ ಕೆಲಸ ಮುಕ್ಕಾಲು ಪಾಲು ಮನೆಯಲ್ಲೇ ಮುಗಿಯಬೇಕು. ಬಾಗಿಲಿಗೆ ಹೋಗಿ ವಿಚಾರಿಸುತ್ತೇನೆ ಅಂದರೆ ಹೆಚ್ಚಿನ ಸಲ ತಡವಾಗಿರುತ್ತದೆ.

ಮೊದಲು, ಲೌಂಜ್ ಅಂದರೆ ಏನು ಅಂತ ಸ್ವಲ್ಪ

ಸೆಕ್ಯುರಿಟಿ ಚೆಕ್ ದಾಟಿದ ಮೇಲೆ ಇರುವ, ಬಾಗಿಲಲ್ಲಿ ಟಿಕೆಟ್ಟೋ ಕಾರ್ಡೋ ನೋಡಿ ಒಳಗೆ ಬಿಡುವ ವಿಶ್ರಾಂತಿ ಕೋಣೆ ಅದು. ಕೂರಲು ಒಳ್ಳೆ ಜಾಗ, ಊಟ, ಚಾ, ಕಾಫಿ, ಶೌಚಾಲಯ, ವೈಫೈ, ಫೋನು ಚಾರ್ಜ್ ಮಾಡುವ ಸೌಕರ್ಯ ಇರುತ್ತದೆ. ಕೆಲವು ಕಡೆ ಸ್ನಾನಕ್ಕೂ ವ್ಯವಸ್ಥೆ ಇರುತ್ತದೆ.

ಇದರಲ್ಲಿ ಎರಡು ಬಗೆ. ಒಂದು, ವಿಮಾನ ಕಂಪನಿಯೇ ನಡೆಸುವ ಲೌಂಜ್. ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ತೆರೆದ ಅಡ್ಮಿರಲ್ಸ್ ಕ್ಲಬ್ ಈ ಬಗೆಯ ಮೊದಲನೆಯದು. ಆಗ ಕಂಪನಿ ಕರೆದವರಿಗೆ ಮಾತ್ರ ಒಳಗೆ ಜಾಗ. ಈಗ ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೆ, ಇಲ್ಲವೇ ಅದೇ ಕಂಪನಿಯಲ್ಲಿ ಪದೇ ಪದೇ ಹಾರಾಡಿ ಮೇಲಿನ ದರ್ಜೆಯ ಸದಸ್ಯತ್ವ ಪಡೆದಿದ್ದರೆ ಹೋಗಬಹುದು. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಅನ್ನುವ ವಿಮಾನ ಕಂಪನಿಗಳ ಕೂಟ ಸೇರಿತು. ಹಾಗಾಗಿ ಅದರ ಗೋಲ್ಡ್ ದರ್ಜೆಯವರಿಗೆ ಆ ಕೂಟದ ಬೇರೆ ಕಂಪನಿಗಳ ಲೌಂಜುಗಳೂ ತೆರೆದಿರುತ್ತವೆ.

ಎರಡನೆಯದು ಎಲ್ಲ ಕಂಪನಿಗಳ ಪ್ರಯಾಣಿಕರಿಗೂ ತೆರೆದಿರುವ ಸಾಮಾನ್ಯ ಲೌಂಜ್. ಬೆಂಗಳೂರಿನಲ್ಲಿ 080 ಅನ್ನುವ ಹೆಸರಿನದು ಇದೆ. ಆ ಊರಿನ ಎಸ್‌ಟಿಡಿ ಕೋಡೇ ಹೆಸರು, ನಮ್ಮ 0831 ಇದ್ದ ಹಾಗೆ. ನಾವು ಎಕಾನಮಿ ಟಿಕೆಟ್‌ನವರು ಕಾರ್ಡ್ ತೋರಿಸಿ ಹೋಗುವುದು ಈ ಬಗೆಯ ಲೌಂಜಿಗೆ.

ಒಂದು ಮಾತು ತಲೆಯಲ್ಲಿರಲಿ. ಕಾರ್ಡ್ ಇದ್ದರೆ ಲೌಂಜ್ ಪುಕ್ಕಟೆ ಅನ್ನುತ್ತಾರಲ್ಲ, ಅದು ನಿಜವಾಗಿ ಪುಕ್ಕಟೆ ಅಲ್ಲ. ನೀವು ಒಳಗೆ ಕಾಲಿಟ್ಟ ಪ್ರತಿ ಸಲ ನಿಮ್ಮ ಬದಲು ಬ್ಯಾಂಕೋ ಕಾರ್ಡ್ ಕಂಪನಿಯೋ ಲೌಂಜಿಗೆ ಹಣ ಕೊಡುತ್ತದೆ. ನಿಮ್ಮ ವಾರ್ಷಿಕ ಶುಲ್ಕ ಮತ್ತು ಖರ್ಚಿನಿಂದಲೇ ಆ ಹಣ ಬರುವುದು. ಆದ್ದರಿಂದ ಮುಜುಗರ ಬೇಕಿಲ್ಲ, ನಿಮಗೆ ಹಕ್ಕಿದೆ. ಆದರೆ ಅದೇ ಕಾರಣಕ್ಕೆ ಬ್ಯಾಂಕುಗಳು ಈಗ ಷರತ್ತುಗಳನ್ನೂ ಬಿಗಿ ಮಾಡಿವೆ.

ಮೂರು ದಿನ ಮೊದಲು: ಕಾರ್ಡ್ ನೋಡಿಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ.

ಮನೆಯಲ್ಲಿರುವ ಎಲ್ಲ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿ. ಅಪ್ಪನ ಪಿಂಚಣಿ ಖಾತೆಯ ರುಪೇ ಕಾರ್ಡನ್ನೂ ಬಿಡಬೇಡಿ. ರುಪೇ ಪ್ಲಾಟಿನಂ, ರುಪೇ ಸೆಲೆಕ್ಟ್ ಡೆಬಿಟ್ ಕಾರ್ಡ್‌ಗೂ ಲೌಂಜ್ ಸೌಲಭ್ಯ ಇರುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಕಾರ್ಡಿನ ಮೇಲೆ ಬ್ಯಾಂಕಿನ ಹೆಸರು ಮಾತ್ರವಲ್ಲ, ಕಾರ್ಡಿನ ಬಗೆಯೂ ಬರೆದಿರುತ್ತದೆ. ಆ ಪೂರ್ತಿ ಹೆಸರು ಹಾಕಿ ಬ್ಯಾಂಕಿನ ಸ್ವಂತ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಲೌಂಜ್ ನಿಯಮ ಹುಡುಕಿ. ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದು ಹೋದ ವರ್ಷದ್ದಾಗಿರಬಹುದು.

ಅಲ್ಲಿ ನಾಲ್ಕು ಸಂಗತಿ ನೋಡಬೇಕು. ವರ್ಷಕ್ಕೋ ಮೂರು ತಿಂಗಳಿಗೋ ಎಷ್ಟು ಸಲ ಹೋಗಬಹುದು? ದೇಶದೊಳಗಿನ ಲೌಂಜ್ ಮಾತ್ರವಾ, ಅಂತರರಾಷ್ಟ್ರೀಯವೂ ಸೇರಿದೆಯಾ? ಜೊತೆಗೆ ಬಂದವರಿಗೆ ಉಂಟಾ? ಕೊನೆಯದಾಗಿ, ಹೋಗುವ ಮೊದಲು ಇಂತಿಷ್ಟು ಖರ್ಚು ಮಾಡಿರಬೇಕು ಅನ್ನುವ ಷರತ್ತು ಇದೆಯಾ?

ಈ ಕೊನೆಯದರಲ್ಲೇ ನಾನು ಸಿಕ್ಕಿಬಿದ್ದಿದ್ದು. ಅಪ್ಪನನ್ನು ಆಸ್ಪತ್ರೆಗೆ ತೋರಿಸಲು ಕರೆದೊಯ್ದಿದ್ದೆ, ವಾಪಸ್ ಬರುವಾಗ ವಿಮಾನ ಮೂರು ತಾಸು ತಡ. ಹೋದ ವರ್ಷ ಅದೇ ಕಾರ್ಡಿನಲ್ಲಿ ಹೋಗಿದ್ದೆನಲ್ಲ ಅಂತ ಧೈರ್ಯವಾಗಿ ಲೌಂಜಿಗೆ ಹೋದೆ. ಯಂತ್ರ ಒಪ್ಪಲಿಲ್ಲ. ಎರಡು ಸಲ ಉಜ್ಜಿದರೂ ಇಲ್ಲ. ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿದ್ದರು, ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಬ್ಯಾಂಕು ನಿಯಮ ಬದಲಿಸಿ ನನಗೊಂದು ಇಮೇಲ್ ಕಳಿಸಿತ್ತಂತೆ, ನಾನು ಓದಿರಲಿಲ್ಲ. ಆ ದಿನ ಅಪ್ಪನ ಮುಖ ನೋಡಿ ನನಗೆ ಬಹಳ ನೋವಾಯಿತು. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಖರ್ಚಿನ ಷರತ್ತು ಹೇಗೆ ಕೆಲಸ ಮಾಡುತ್ತದೆ ಅಂದರೆ, ಬಹಳಷ್ಟು ಕಾರ್ಡ್‌ಗಳಲ್ಲಿ ಹಿಂದಿನ ಮೂರು ತಿಂಗಳ ಲೆಕ್ಕ ಈಗಿನ ಪ್ರಯಾಣಕ್ಕೆ ಅನ್ವಯ. ಜನವರಿಯಿಂದ ಮಾರ್ಚ್ ಒಂದು ಕಂತು, ಏಪ್ರಿಲ್‌ನಿಂದ ಜೂನ್ ಇನ್ನೊಂದು, ಹೀಗೆ. ನೀವು ದೀಪಾವಳಿಗೆ ಅಕ್ಟೋಬರ್‌ನಲ್ಲಿ ಹೊರಟಿದ್ದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾಡಿದ ಖರ್ಚನ್ನು ನೋಡುತ್ತಾರೆ. ಅಕ್ಟೋಬರ್ ಮೊದಲ ವಾರದಲ್ಲಿ ಎಷ್ಟು ಬಟ್ಟೆ, ಬಂಗಾರ ಕೊಂಡರೂ ಆ ಪ್ರಯಾಣಕ್ಕೆ ಪ್ರಯೋಜನವಿಲ್ಲ. ಮೊತ್ತ ಕಾರ್ಡಿನಿಂದ ಕಾರ್ಡಿಗೆ ಬೇರೆ. 2024ರಿಂದ ಈಚೆಗೆ ಹಲವು ದೊಡ್ಡ ಬ್ಯಾಂಕುಗಳು ಇದನ್ನು ಹತ್ತಾರು ಸಾವಿರ ರೂಪಾಯಿಗೆ ಏರಿಸಿವೆ. ಬರೀ ಲೌಂಜಿಗಾಗಿ ಅಷ್ಟು ಖರ್ಚು ಮಾಡಬೇಡಿ, ದಯವಿಟ್ಟು. ಒಂದು ಊಟ, ಎರಡು ತಾಸು ಸೋಫಾಕ್ಕೆ ಅದು ಬಹಳ ಜಾಸ್ತಿ ಬೆಲೆ. ಹೇಗೂ ಮಾಡುವ ಕಿರಾಣಿ, ಪೆಟ್ರೋಲು, ಮಕ್ಕಳ ಫೀಸಿನ ಖರ್ಚನ್ನು ಒಂದೇ ಕಾರ್ಡಿನಲ್ಲಿ ಮಾಡಿದರೆ ಅಷ್ಟಾಗುತ್ತದಾ ನೋಡಿ, ಇಲ್ಲವಾದರೆ ಬಿಟ್ಟುಬಿಡಿ.

ಕೆಲವು ಬ್ಯಾಂಕುಗಳು ಕಾರ್ಡ್ ಉಜ್ಜುವ ಬದಲು ಆ್ಯಪಿನಲ್ಲೋ ಎಸ್ಸೆಮ್ಮೆಸ್ಸಿನಲ್ಲೋ ವೋಚರ್ ಅಥವಾ ಕ್ಯೂಆರ್ ಕೋಡ್ ಕೊಡುತ್ತವೆ. ಅಂಥದ್ದಾದರೆ ಮನೆಯಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಏರ್‌ಪೋರ್ಟಿನಲ್ಲಿ ನೆಟ್‌ವರ್ಕ್ ಸಿಗದೆ ಒದ್ದಾಡುವುದು ತಪ್ಪುತ್ತದೆ.

ಪ್ರತಿಯೊಬ್ಬರಿಗೂ ಬೇರೆ ಕಾರ್ಡ್ ಬೇಕು ಅನ್ನುವುದೂ ನೆನಪಿರಲಿ. ಕಾರ್ಡಿನ ಮೇಲಿನ ಹೆಸರು, ಬೋರ್ಡಿಂಗ್ ಪಾಸಿನ ಹೆಸರು ಎರಡೂ ಒಂದೇ ಆಗಿರಬೇಕು. ಮಗನ ಕಾರ್ಡ್ ಹಿಡಿದು ಅವ್ವ ಒಬ್ಬಳೇ ಹೋದರೆ ಬಿಡುವುದಿಲ್ಲ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಬೇಕಾದರೆ ಎರಡನೆಯವರಿಗೆ ಹಣ ಕೇಳಬಹುದು. ತೀರಾ ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಶುಲ್ಕ ಇರುವುದಿಲ್ಲ, ವಯಸ್ಸಿನ ಮಿತಿಯನ್ನು ಬಾಗಿಲಲ್ಲೇ ಕೇಳಿಕೊಳ್ಳಿ.

ವಿದೇಶಕ್ಕೆ ಹೋಗುವವರು ಇಲ್ಲಿ ಎಡವುತ್ತಾರೆ

ಬೆಂಗಳೂರಿನ ಎರಡನೇ ಟರ್ಮಿನಲ್ ಉದ್ಘಾಟನೆಯಾಗಿದ್ದು 2022ರ ನವೆಂಬರ್ 11ರಂದು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಅಲ್ಲಿಂದಲೇ ಹೊರಡುತ್ತಿವೆ. ದೇಶದೊಳಗಿನ ವಿಮಾನಗಳು ಮಾತ್ರ ಕಂಪನಿಯ ಪ್ರಕಾರ ಎರಡೂ ಟರ್ಮಿನಲ್‌ಗಳಲ್ಲಿ ಹಂಚಿಹೋಗಿವೆ. ಬೆಳಗಾವಿಯಿಂದ ಹೋದ ವಿಮಾನ ಒಂದರಲ್ಲಿ ಇಳಿಸಿ, ದುಬೈ ವಿಮಾನ ಇನ್ನೊಂದರಿಂದ ಹೊರಡಬಹುದು. ಟಿಕೆಟಿನಲ್ಲಿ ಟಿ1, ಟಿ2 ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಎರಡರ ನಡುವೆ ಶಟಲ್ ಬಸ್ಸಿದೆ.

ಈಗ ಮುಖ್ಯ ವಿಷಯ. ದೇಶೀಯ ಲೌಂಜಿಗೆ ನಡೆಯುವ ಕಾರ್ಡ್ ಅದೇ ಏರ್‌ಪೋರ್ಟಿನ ಅಂತರರಾಷ್ಟ್ರೀಯ ಲೌಂಜಿಗೆ ನಡೆಯದಿರಬಹುದು. ಇಮಿಗ್ರೇಷನ್ ದಾಟಿದ ಮೇಲೆ ಬರುವ ಲೌಂಜಿಗೆ ನಿಯಮವೇ ಬೇರೆ. ಅಲ್ಲಿ ಪ್ರಯಾರಿಟಿ ಪಾಸ್‌ನಂಥ, ಅಂದರೆ ಬೇರೆ ಬೇರೆ ದೇಶಗಳ ಲೌಂಜುಗಳಿಗೆ ನಡೆಯುವ ಸದಸ್ಯತ್ವದ ಬೇರೆ ಕಾರ್ಡ್ ಕೇಳುತ್ತಾರೆ. ಪ್ರಯಾರಿಟಿ ಪಾಸ್ ಇದ್ದವರಿಗೂ ಒಂದು ಎಚ್ಚರಿಕೆ ಹೇಳಬೇಕು. ಬ್ಯಾಂಕು ಕೊಟ್ಟ ಎಷ್ಟೋ ಪ್ರಯಾರಿಟಿ ಪಾಸ್‌ಗಳಲ್ಲಿ ಉಚಿತ ಭೇಟಿ ಭಾರತದ ಹೊರಗೆ ಮಾತ್ರ. ಅದನ್ನು ಇಲ್ಲೇ ಬಳಸಿದರೆ ಬಾಗಿಲಲ್ಲಿ ಯಾರೂ ಏನೂ ಹೇಳುವುದಿಲ್ಲ, ನಗುತ್ತಾ ಒಳಗೆ ಬಿಡುತ್ತಾರೆ. ಮುಂದಿನ ತಿಂಗಳು ಬಿಲ್ಲಿನಲ್ಲಿ ಒಬ್ಬರಿಗೆ ಇಪ್ಪತ್ತೇಳೋ ಮೂವತ್ತೈದೋ ಡಾಲರ್, ಮೇಲೆ ತೆರಿಗೆ ಸೇರಿ ಬಂದಿರುತ್ತದೆ. ಇಬ್ಬರು ಹೋದರೆ ಅದರ ಎರಡು ಪಟ್ಟು. ಅಷ್ಟು ಹಣದಲ್ಲಿ ಹೊರಗೆ ಇಬ್ಬರೂ ಹೊಟ್ಟೆ ತುಂಬಾ ಊಟ ಮಾಡಿ ಇನ್ನೂ ಉಳಿಯುತ್ತದೆ.

ಇನ್ನೊಂದು, ಬ್ಯಾಗಿನ ವಿಚಾರ. ಸಾಂಬ್ರಾದ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ: "ಈ ಬ್ಯಾಗು ಕೊನೆಯವರೆಗೂ ಹೋಗುತ್ತದಾ, ಬೆಂಗಳೂರಿನಲ್ಲಿ ನಾನು ತೆಗೆದುಕೊಳ್ಳಬೇಕಾ?" ಎರಡೂ ವಿಮಾನ ಬೇರೆ ಬೇರೆ ಟಿಕೆಟ್ ಆಗಿದ್ದರೆ ನೀವೇ ಬ್ಯಾಗು ತೆಗೆದು, ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಅಂತರರಾಷ್ಟ್ರೀಯ ಕೌಂಟರುಗಳು ಹೆಚ್ಚಾಗಿ ವಿಮಾನಕ್ಕೆ ಮೂರು ನಾಲ್ಕು ತಾಸು ಮೊದಲಷ್ಟೇ ತೆರೆಯುತ್ತವೆ. ಅಲ್ಲಿಯವರೆಗೆ ಬ್ಯಾಗು ನಿಮ್ಮ ಕೈಯಲ್ಲೇ, ಲೌಂಜ್ ಸೆಕ್ಯುರಿಟಿಯ ಆಚೆ. ನಡುವೆ ಎಂಟು ತಾಸು ಇದ್ದರೆ ಎಂಟೂ ತಾಸು ಲೌಂಜಿನಲ್ಲಿ ಕಳೆಯಬಹುದು ಅಂತ ಲೆಕ್ಕ ಹಾಕಬೇಡಿ, ಸಿಗುವುದು ಎರಡು, ಹೆಚ್ಚೆಂದರೆ ಮೂರು.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಬೆಂಗಳೂರಿಗೆ ಇಳಿದು ರಾತ್ರಿ ವಿಮಾನ ಹಿಡಿಯುವವರಿಗೂ ಇದೇ ಮಾತು. ಬೆಳಿಗ್ಗೆಯೇ ಏರ್‌ಪೋರ್ಟಿಗೆ ಹೋಗಿ ಲೌಂಜಿನಲ್ಲಿ ಕೂರಲು ಆಗುವುದಿಲ್ಲ. ನಗರದಲ್ಲೇ ನೆಂಟರ ಮನೆಯಲ್ಲೋ ಸ್ಟೇಷನ್ ಹತ್ತಿರದ ರೂಮಿನಲ್ಲೋ ಸ್ವಲ್ಪ ಮಲಗಿ, ಸಂಜೆ ವಾಯು ವಜ್ರ ಬಸ್ಸು ಹಿಡಿಯುವುದು ವಾಸಿ.

ಹೊರಡುವ ಹಿಂದಿನ ದಿನ: ಬ್ಯಾಗು

ಕೈಚೀಲ ಹಗುರವಾಗಿರಲಿ. ಲೌಂಜಿನಲ್ಲಿ ಊಟ ತರಲು ಎದ್ದಾಗ, ಶೌಚಾಲಯಕ್ಕೆ ಹೋದಾಗ ಬ್ಯಾಗು ಒಂಟಿಯಾಗಿ ಬಿಡುವಂತಿಲ್ಲ. ಮೂರು ಚೀಲ ಹೊತ್ತು ಪ್ಲೇಟು ಹಿಡಿಯುವುದು ಕಷ್ಟ, ಅಲ್ವಾ? ಇಬ್ಬರಿದ್ದರೆ ಒಬ್ಬರಾದ ಮೇಲೆ ಒಬ್ಬರು ಏಳಿ.

ತಂಗಿಗೆ ಅಂತ ಒಯ್ಯುವ ಕುಂದಾ ಡಬ್ಬಿ, ಉಪ್ಪಿನಕಾಯಿ, ಚಟ್ನಿಪುಡಿ, ಮಸಾಲೆ ಖಾರ ಎಲ್ಲ ಚೆಕ್-ಇನ್ ಬ್ಯಾಗಿಗೆ ಹೋಗಲಿ. ಖಾರದ ಪುಡಿಗಳನ್ನು, ಉಪ್ಪಿನಕಾಯಿಯನ್ನು ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯಲ್ಲಿ ತೆಗೆಸುತ್ತಾರೆ. ಅಂತರರಾಷ್ಟ್ರೀಯ ವಿಮಾನದಲ್ಲಾದರೆ ಕೈಚೀಲದ ದ್ರವ, ಪೇಸ್ಟು ಒಂದೊಂದು 100 ಮಿಲಿಲೀಟರ್ ಮೀರಬಾರದು. ಗೋಕಾಕ ಅಥವಾ ಅಮೀನಗಡದ ಕರದಂಟು ಒಣ ತಿಂಡಿ, ಅದು ಕೈಚೀಲದಲ್ಲಿದ್ದರೂ ನಡೆಯುತ್ತದೆ.

ದುಬೈ ಕಡೆ ಹೋಗುವವರು ಇದೊಂದನ್ನು ಮರೆಯಬೇಡಿ: ಅಲ್ಲಿ ಗಸಗಸೆ ನಿಷಿದ್ಧ. ಬಾಣಂತಿಗೆ ಅಂತ ಮಾಡಿದ ಅಂಟಿನ ಉಂಡೆಗೆ ನಮ್ಮಲ್ಲಿ ಗಸಗಸೆ ಹಾಕುವ ರೂಢಿ ಇದೆ. ಒಂದು ಹಿಡಿ ಗಸಗಸೆಗೆ ಪೊಲೀಸರವರೆಗೆ ಹೋಗಬೇಕಾಗಬಹುದು. ಲೌಂಜಿಗೆ ಇದು ಸಂಬಂಧವಿಲ್ಲದ ಮಾತು, ಆದರೂ ಹೇಳದೆ ಇರಲಾಗಲಿಲ್ಲ. ಯಾವ ಉಂಡೆ ಒಯ್ದರೂ ಏನೇನು ಹಾಕಿದ್ದಾರೆ ಅಂತ ಮಾಡಿದವರನ್ನು ಕೇಳಿಕೊಂಡೇ ಕಟ್ಟಿ.

ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ಗೆ ಹಾಕುವಂತಿಲ್ಲ. ಔಷಧಿ, ಕನ್ನಡಕ, ಒಂದು ಶಾಲು ಕೂಡ ಕೈಗೆ ಸಿಗುವ ಹಾಗೆ ಇರಲಿ. ಲೌಂಜಿನಲ್ಲಿ ಎಸಿ ಜೋರಾಗಿರುತ್ತದೆ, ನಮ್ಮ ಹಿರಿಯರಿಗೆ ಅದು ತಡೆಯುವುದಿಲ್ಲ.

ಹಿರಿಯರಿದ್ದರೆ ಗಾಲಿ ಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ, ಕಡಿಮೆಯೆಂದರೆ 48 ತಾಸು ಮೊದಲು ವಿಮಾನ ಕಂಪನಿಗೆ ಹೇಳಿಬಿಡಿ. ಮಂಡಿ ನೋವಿದ್ದರೂ ಕೇಳಲು ನಾಚುವವರಿದ್ದಾರೆ. ಬೆಂಗಳೂರಿನ ಎರಡನೇ ಟರ್ಮಿನಲ್ಲಿನಲ್ಲಿ ಬಾಗಿಲಿನಿಂದ ಗೇಟಿನವರೆಗೆ ನಡೆಯುವುದೇ ದೊಡ್ಡ ಕೆಲಸ.

ಒಂದು ಮೋಸದ ಬಗ್ಗೆ

2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಏರ್‌ಪೋರ್ಟಿನಲ್ಲಿ ಒಬ್ಬ ಮಹಿಳೆ ಲೌಂಜಿಗೆ ಹೋಗಲು ಒಂದು ನಕಲಿ ಆ್ಯಪ್ ಹಾಕಿಕೊಂಡು 87 ಸಾವಿರ ರೂಪಾಯಿಗೂ ಜಾಸ್ತಿ ಕಳೆದುಕೊಂಡರು. ಆ ಆ್ಯಪ್ ಫೋನಿಗೆ ಬರುವ ಎಸ್ಸೆಮ್ಮೆಸ್ಸುಗಳನ್ನು ಕದ್ದು ಮೋಸಗಾರರಿಗೆ ಕಳಿಸುತ್ತಿತ್ತು. ಅಂದರೆ ಒಟಿಪಿ ಅವರ ಕೈಯಲ್ಲಿ. ಸುದ್ದಿ ಆಗ ಎಲ್ಲ ಕಡೆ ಬಂದಿತ್ತು.

ಆದ್ದರಿಂದ ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ಯಾವ ಲೌಂಜ್ ಆ್ಯಪನ್ನೂ ಹಾಕಿಕೊಳ್ಳಬೇಡಿ. ಬಾಗಿಲಿನ ಬಳಿ ಯಾರೋ ಬಂದು "ಇದನ್ನು ಡೌನ್‌ಲೋಡ್ ಮಾಡಿ, ಸ್ಕ್ರೀನ್ ಶೇರ್ ಮಾಡಿ" ಅಂದರೆ ಬೇಡ ಅನ್ನಿ. ಕಾರ್ಡ್ ಮನೆಯಲ್ಲಿ ಬಿಟ್ಟು ಬಂದಿದ್ದರೆ ಕಾರ್ಡಿನ ಫೋಟೋ ತೋರಿಸಿ ಒಳಗೆ ಬಿಡಿಸುತ್ತೇನೆ ಅನ್ನುವವರನ್ನೂ ನಂಬಬೇಡಿ. ಹಣ ಹೋದರೆ ಮುಜುಗರ ಪಡದೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ಹೇಳಿ ಕಾರ್ಡ್ ನಿಲ್ಲಿಸಿ. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಏರ್‌ಪೋರ್ಟಿನಲ್ಲಿ

ಸೆಕ್ಯುರಿಟಿ ಮುಗಿದ ತಕ್ಷಣ ಲೌಂಜ್ ಹುಡುಕಬೇಡಿ. ಮೊದಲು ಬೋರ್ಡಿಗೆ ಹೋಗಿ ನಿಮ್ಮ ವಿಮಾನದ ಗೇಟ್ ನಂಬರ್ ನೋಡಿ. ಅದು ಎಷ್ಟು ದೂರ ಅಂತ ಕೇಳಿ, ಆಗುವುದಾದರೆ ಒಮ್ಮೆ ನಡೆದು ನೋಡಿ. ಆಮೇಲೆ ಲೌಂಜ್. ಹೀಗೆ ಮಾಡಿದರೆ ಕೊನೆಗೆ ಎಷ್ಟು ಹೊತ್ತಿಗೆ ಏಳಬೇಕು ಅನ್ನುವುದು ಗೊತ್ತಿರುತ್ತದೆ.

ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ಮತ್ತು ಕಾರ್ಡ್ ಕೇಳುತ್ತಾರೆ. ಯಂತ್ರದಲ್ಲಿ ಕಾರ್ಡ್ ಉಜ್ಜಿದಾಗ ಸಾಮಾನ್ಯವಾಗಿ ಎರಡು ರೂಪಾಯಿ, ಕೆಲವು ಡೆಬಿಟ್ ಕಾರ್ಡಿಗೆ ಇಪ್ಪತ್ತೈದು ರೂಪಾಯಿ ಕಡಿತವಾಗುತ್ತದೆ. ಕಾರ್ಡ್ ಚಾಲ್ತಿಯಲ್ಲಿದೆಯಾ ಅಂತ ಪರೀಕ್ಷಿಸುವ ಮೊತ್ತ ಅದು. ಹಾಗಾಗಿ ಡೆಬಿಟ್ ಖಾತೆಯಲ್ಲಿ ಸ್ವಲ್ಪವಾದರೂ ಹಣ ಇರಲಿ, ಪಿನ್ ನೆನಪಿರಲಿ. ಅಪ್ಪನ ಕಾರ್ಡಿನ ಪಿನ್ ಮಗನಿಗೆ ಮಾತ್ರ ಗೊತ್ತು, ಮಗ ಪುಣೆಯಲ್ಲಿದ್ದಾನೆ ಅನ್ನುವ ಹಾಗೆ ಆಗಬಾರದು. ಉಜ್ಜುವ ಮೊದಲು "ಇದಕ್ಕೆ ನನಗೆ ಎಷ್ಟು ಚಾರ್ಜ್ ಆಗುತ್ತದೆ?" ಅಂತ ಸ್ಪಷ್ಟವಾಗಿ ಕೇಳಿ. ಯಂತ್ರದ ಪರದೆಯ ಮೇಲಿನ ಮೊತ್ತ ನೋಡಿ. ಕನ್ನಡದಲ್ಲೇ ಕೇಳಿ, ಬೆಂಗಳೂರಿನಲ್ಲಿ ಕನ್ನಡ ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಕಾರ್ಡ್ ಇಲ್ಲದಿದ್ದರೂ ಹಣ ಕೊಟ್ಟು ಹೋಗಬಹುದು. ಆದರೆ ದೊಡ್ಡ ಏರ್‌ಪೋರ್ಟುಗಳಲ್ಲಿ ಒಬ್ಬರಿಗೆ ಸಾವಿರ ರೂಪಾಯಿಗಿಂತ ಮೇಲೆಯೇ. ನನ್ನ ಅಭಿಪ್ರಾಯ ಕೇಳಿದರೆ, ಎರಡು ತಾಸಿಗಿಂತ ಕಡಿಮೆ ಕಾಯುವುದಿದ್ದರೆ ಹಣ ಕೊಟ್ಟು ಹೋಗಬೇಡಿ. ವಯಸ್ಸಾದವರು, ಗರ್ಭಿಣಿ, ಹಸುಗೂಸು ಜೊತೆಗಿದ್ದು ರಾತ್ರಿ ಹೊತ್ತು ಮೂರು ತಾಸು ಕಾಯಬೇಕಿದ್ದರೆ ಮಾತ್ರ ಆ ಹಣ ಸಾರ್ಥಕ.

ಬೆಳಗಿನ ಐದರಿಂದ ಒಂಬತ್ತು, ಸಂಜೆ ಐದರಿಂದ ಒಂಬತ್ತು ಬಹಳ ಗದ್ದಲ. ಬಾಗಿಲ ಹೊರಗೆ ಸಾಲು ನಿಂತಿರುತ್ತದೆ, ಒಳಗೆ ಕುರ್ಚಿ ಸಿಗುವುದಿಲ್ಲ. ಸಾಲು ಕಂಡರೆ ಹಿರಿಯರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಒಬ್ಬರೇ ನಿಲ್ಲಿ, ಸರದಿ ಬಂದಾಗ ಕರೆಯಿರಿ. ಇಪ್ಪತ್ತು ನಿಮಿಷದಲ್ಲಿ ಸಾಲು ಕರಗದಿದ್ದರೆ ಬಿಟ್ಟುಬಿಡಿ. ಎರಡನೇ ಟರ್ಮಿನಲ್ಲಿನ ಒಳಗೆ ಬಿದಿರು, ಗಿಡ, ನೇತುಬಿಟ್ಟ ಬಳ್ಳಿಗಳು ಎಷ್ಟು ಚೆನ್ನಾಗಿವೆ ಅಂದರೆ ಅಲ್ಲಿ ಕೂತು ಮನೆಯಿಂದ ತಂದ ಬುತ್ತಿ ಬಿಚ್ಚಿದರೂ ಹೊತ್ತು ಹೋಗುತ್ತದೆ.

ಒಳಗೆ ಹೋದ ಮೇಲೆ

ಮೊದಲು ಕೂರುವ ಜಾಗ ಹಿಡಿಯಿರಿ, ಆಮೇಲೆ ಊಟ. ಊಟದ ಕೌಂಟರಿನಿಂದ ದೂರದ ಮೂಲೆ ಹುಡುಕಿ, ಅಲ್ಲಿ ಗದ್ದಲ ಕಡಿಮೆ. ಪ್ಲಗ್ ಪಾಯಿಂಟ್ ಇರುವ ಕುರ್ಚಿಯಾದರೆ ಫೋನಿಗೂ ಆಯಿತು.

ಊಟ ನೀವೇ ಬಡಿಸಿಕೊಳ್ಳಬೇಕು, ಎಷ್ಟು ಸಲ ಬೇಕಾದರೂ. ಇಡ್ಲಿ, ಉಪ್ಪಿಟ್ಟು, ಅನ್ನ ಸಾರು, ಮೊಸರನ್ನ, ಹಣ್ಣು ಹೆಚ್ಚಾಗಿ ಇರುತ್ತವೆ. ಜೋಳದ ರೊಟ್ಟಿಯ ಆಸೆ ಇಟ್ಟುಕೊಳ್ಳಬೇಡಿ. ಸಸ್ಯಾಹಾರಿಗಳು ಪಾತ್ರೆಯ ಮುಂದಿನ ಚೀಟಿಯ ಹಸಿರು ಗುರುತು ನೋಡಿ, ಸಂಶಯ ಬಂದರೆ ಅಲ್ಲಿ ನಿಂತವರನ್ನು ಕೇಳಿ. ಗದ್ದಲದಲ್ಲಿ ಒಂದು ಪಾತ್ರೆಯ ಸೌಟನ್ನು ಇನ್ನೊಂದಕ್ಕೆ ಹಾಕುವವರು ಇರುತ್ತಾರೆ. ಅವ್ವನಿಗೆ ಅದು ಆಗುವುದಿಲ್ಲ, ಹಾಗಾಗಿ ಆಗ ತಾನೇ ತಂದಿಟ್ಟ ಪಾತ್ರೆಯಿಂದ ಬಡಿಸಿ ಕೊಟ್ಟೆ. ಹೊಸ ಸೌಟು ಬೇಕು ಅಂದರೆ ಕೊಡುತ್ತಾರೆ, ಕೇಳಲು ಹಿಂಜರಿಯಬೇಡಿ. ಬಿಟ್ಟಿ ಅಂತ ಹೊಟ್ಟೆ ಬಿರಿಯ ತಿಂದು ವಿಮಾನ ಹತ್ತಿದರೆ ಮೇಲೆ ಹೋದ ಮೇಲೆ ಸಂಕಟ. ಸ್ವಲ್ಪ ಮೊಸರನ್ನ, ಒಂದು ಹಣ್ಣು, ಜಾಸ್ತಿ ನೀರು, ಅಷ್ಟು ಸಾಕು. ಊಟ ಕಟ್ಟಿಸಿಕೊಂಡು ಹೊರಗೆ ಒಯ್ಯಲು ಬಿಡುವುದಿಲ್ಲ, ಹೊರಗಿನ ತಿಂಡಿ ಒಳಗೆ ಬಿಚ್ಚಲೂ ಸಾಮಾನ್ಯವಾಗಿ ಬಿಡುವುದಿಲ್ಲ.

ಮದ್ಯ ಕೆಲವು ಕಡೆ ಇರುತ್ತದೆ, ಎಲ್ಲ ಕಡೆ ಕಾರ್ಡಿನಲ್ಲಿ ಸೇರಿರುವುದಿಲ್ಲ. ಮೊದಲೇ ಬೆಲೆ ಕೇಳಿ.

ಸ್ನಾನದ ಸೌಲಭ್ಯ ಇದ್ದರೆ ಒಳಗೆ ಬಂದ ತಕ್ಷಣ ರಿಸೆಪ್ಷನ್‌ನಲ್ಲಿ ಹೆಸರು ಬರೆಸಿ, ಅಲ್ಲಿಯೂ ಸರದಿ ಇರುತ್ತದೆ. ಟವೆಲ್ ಅವರೇ ಕೊಡುತ್ತಾರೆ.

ಫೋನಿನಲ್ಲಿ ಜೋರಾಗಿ ಮಾತಾಡುವುದು ಬೇಡ. ವಿಡಿಯೋ ಕಾಲ್ ಮಾಡಿ ಊರಿನವರಿಗೆಲ್ಲ ಲೌಂಜ್ ತೋರಿಸುವ ಸಂತೋಷ ನನಗೆ ಅರ್ಥವಾಗುತ್ತದೆ, ಅವ್ವನೂ ಚಿಕ್ಕಮ್ಮನಿಗೆ ತೋರಿಸಿದಳು. ಆದರೆ ಪಕ್ಕದ ಕುರ್ಚಿಯಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟವರು ಮಲಗಿರುತ್ತಾರೆ. ಬಾಗಿಲ ಹತ್ತಿರ ಹೋಗಿ ಎರಡು ನಿಮಿಷ ಮಾತಾಡಿ ಬನ್ನಿ.

ಯಾವಾಗ ಏಳಬೇಕು

ವಿಮಾನ ತಪ್ಪಿಸಿಕೊಳ್ಳಲು ಲೌಂಜಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮೆತ್ತನೆ ಕುರ್ಚಿ, ಹೊಟ್ಟೆಗೆ ಊಟ, ತಣ್ಣನೆ ಗಾಳಿ, ನಿದ್ದೆ ಬಂದೇ ಬರುತ್ತದೆ. ಹೆಚ್ಚಿನ ಲೌಂಜುಗಳಲ್ಲಿ ಬೋರ್ಡಿಂಗ್ ಕೂಗುವುದಿಲ್ಲ, ದೊಡ್ಡ ಏರ್‌ಪೋರ್ಟುಗಳಲ್ಲಿ ಹೊರಗೂ ಈಗ ಅನೌನ್ಸ್‌ಮೆಂಟ್ ಕಡಿಮೆ ಮಾಡಿದ್ದಾರೆ. ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ.

ದೇಶೀಯ ವಿಮಾನದ ಗೇಟನ್ನು ಹೊರಡುವ ಹೊತ್ತಿಗೆ ಸುಮಾರು 25 ನಿಮಿಷ ಮೊದಲೇ ಮುಚ್ಚುತ್ತಾರೆ. ಟಿಕೆಟಿನಲ್ಲಿರುವ ಸಮಯ ವಿಮಾನ ಚಲಿಸುವ ಸಮಯ, ನೀವು ಹೋಗಬೇಕಾದ ಸಮಯ ಅಲ್ಲ. ದೇಶೀಯಕ್ಕೆ ಹೊರಡುವ ಹೊತ್ತಿಗಿಂತ 55 ನಿಮಿಷ ಮೊದಲು, ವಿದೇಶಕ್ಕೆ 75 ನಿಮಿಷ ಮೊದಲು ಲೌಂಜ್ ಬಿಡಿ, ಇದು ನಾನು ಇಟ್ಟುಕೊಂಡ ಲೆಕ್ಕ. ಹಿರಿಯರಿದ್ದರೆ ಇನ್ನೂ ಹತ್ತು ನಿಮಿಷ ಸೇರಿಸಿ, ಏಳುವ ಮೊದಲು ಶೌಚಾಲಯಕ್ಕೆ ಹೋಗಿ ಬರಬೇಕಲ್ಲ. ಒಳಗೆ ಕೂತ ತಕ್ಷಣ ಎರಡು ಫೋನಿನಲ್ಲಿ ಅಲಾರಂ ಇಡಿ. ಅರ್ಧ ತಾಸಿಗೊಮ್ಮೆ ಬೋರ್ಡ್ ನೋಡಿ, ಗೇಟ್ ಬದಲಾಗುವುದು ಅಪರೂಪವೇನಲ್ಲ.

ಗಾಲಿ ಕುರ್ಚಿ ತಳ್ಳಿಕೊಂಡು ಬಂದವರು ಲೌಂಜಿನ ಬಾಗಿಲಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅವರು ಹೋಗುವ ಮೊದಲೇ "ಇಷ್ಟು ಗಂಟೆಗೆ ಬನ್ನಿ" ಅಂತ ಸಮಯ ಹೇಳಿ, ರಿಸೆಪ್ಷನ್‌ನಲ್ಲೂ ಹೇಳಿಡಿ. ಹೇಳಿದ ಹೊತ್ತಿಗೆ ಬರದಿದ್ದರೆ ಐದು ನಿಮಿಷಕ್ಕಿಂತ ಹೆಚ್ಚು ಕಾಯದೆ ರಿಸೆಪ್ಷನ್‌ನಿಂದ ವಿಮಾನ ಕಂಪನಿಗೆ ಫೋನು ಮಾಡಿಸಿ.

ವಾಪಸ್ ಬರುವಾಗ

ಹೊರದೇಶದಿಂದ ಬರುವ ವಿಮಾನಗಳು ಬೆಂಗಳೂರಿಗೆ ನಸುಕಿನಲ್ಲಿ ಇಳಿಯುವುದು ಜಾಸ್ತಿ. ಬೆಳಗಾವಿಯ ವಿಮಾನ ಅದಕ್ಕೆ ನಾಲ್ಕೈದು ತಾಸಿನ ಮೇಲೆ. ಆಗ ಇಮಿಗ್ರೇಷನ್ ಮುಗಿಸಿ, ಬ್ಯಾಗು ತೆಗೆದು, ಕಸ್ಟಮ್ಸ್ ದಾಟಿ ಹೊರಗೆ ಬಂದು, ನಿಮ್ಮ ಟರ್ಮಿನಲ್ ಸೇರಿ ಮತ್ತೆ ಬ್ಯಾಗು ಕೊಡಬೇಕು. ಇಳಿದ ಬೋರ್ಡಿಂಗ್ ಪಾಸ್ ತೋರಿಸಿ ಲೌಂಜಿಗೆ ಹೋಗಲು ಆಗುವುದಿಲ್ಲ, ಮುಂದಿನ ವಿಮಾನದ್ದೇ ಬೇಕು. ಒಳ್ಳೆಯ ಸಂಗತಿ ಏನೆಂದರೆ ಇದು ದೇಶೀಯ ಲೌಂಜ್, ನಮ್ಮ ಸಾಮಾನ್ಯ ಕಾರ್ಡುಗಳು ಇಲ್ಲಿ ನಡೆಯುತ್ತವೆ. ನಾಲ್ಕೂವರೆಯೊಳಗೆ ಸೇರಿಕೊಂಡರೆ ಬೆಳಗಿನ ನೂಕುನುಗ್ಗಲಿಗೆ ಮೊದಲೇ ಒಂದು ಮೂಲೆ ಸಿಗುತ್ತದೆ.

ಅವ್ವ ವಾಪಸ್ ಬರುವಾಗ ಬಾಗಿಲಲ್ಲಿ ನಿಲ್ಲಲಿಲ್ಲ. ಬೋರ್ಡಿಂಗ್ ಪಾಸ್, ತನ್ನ ರುಪೇ ಕಾರ್ಡ್ ಎರಡನ್ನೂ ತಾನೇ ತೆಗೆದು ಕೌಂಟರಿನ ಮೇಲಿಟ್ಟಳು, ಪಿನ್ನೂ ತಾನೇ ಒತ್ತಿದಳು. ನಾನು ಹಿಂದೆ ಬ್ಯಾಗು ಹಿಡಿದು ನಿಂತಿದ್ದೆ.

ಬೆಳಗಾವಿಗೆ ಎಟಿಆರ್ ಅನ್ನುವ ಸಣ್ಣ ವಿಮಾನವಾದರೆ ಸಾಮಾನ್ಯವಾಗಿ ಬಸ್ಸಿನಲ್ಲಿ ಕರೆದೊಯ್ದು ಹತ್ತಿಸುತ್ತಾರೆ. ಬಸ್ ಗೇಟುಗಳು ಹೆಚ್ಚಾಗಿ ಕೆಳಗಿನ ಮಹಡಿಯಲ್ಲಿರುತ್ತವೆ, ಲಿಫ್ಟ್ ಹುಡುಕಿ ಇಳಿಯಬೇಕು. ಆ ಗೇಟಾದರೆ ಇನ್ನೊಂದು ಹತ್ತು ನಿಮಿಷ ಮೊದಲೇ ಏಳಿ.